ಇಬ್ಬರನ್ನೂ ಕೂರಿಸುವ ಮುನ್ನ ಒಬ್ಬೊಬ್ಬರನ್ನೇ ಕೇಳಿ

ದಂಪತಿ ಚಿಕಿತ್ಸೆ ಮತ್ತು ಕುಟುಂಬ ಚಿಕಿತ್ಸೆಯ ಪಠ್ಯಕ್ರಮ ರೂಪಿಸುವವರಿಗೆ, ಚಿಕಿತ್ಸಕರಿಗೆ ಪರವಾನಗಿ ಕೊಡುವ ಮಂಡಳಿಗಳಿಗೆ, ಕಿರಿಯರ ಕೆಲಸಕ್ಕೆ ಮೇಲ್ವಿಚಾರಕರಾಗಿರುವ ಹಿರಿಯರಿಗೆ ಒಂದು ಬಹಿರಂಗ ಪತ್ರ

ಗೌರವಾನ್ವಿತರೇ,

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಾನು ದಂಪತಿಗಳ ಎದುರು ಕುಳಿತು ಕೆಲಸ ಮಾಡುತ್ತಿದ್ದೇನೆ. ಅದರಲ್ಲಿ ಮೊದಲ ಆರು ವರ್ಷ ಒಂದು ಪ್ರಶ್ನೆಯನ್ನು ಯಾರಿಗೂ ಕೇಳಲಿಲ್ಲ. ಕೇಳಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ ಎಂದು ಬರೆದರೆ ಅದು ಅರ್ಧ ಸತ್ಯ. ತರಬೇತಿಯ ಕೊನೆಯ ತಿಂಗಳಲ್ಲಿ ಒಂದು ಮಧ್ಯಾಹ್ನದ ಉಪನ್ಯಾಸವಿತ್ತು. ಅರೆನಿದ್ದೆಯಲ್ಲಿ ಬರೆದುಕೊಂಡ ಟಿಪ್ಪಣಿ ಈಗಲೂ ನನ್ನ ಬಳಿ ಇದೆ: 'ಹಿಂಸೆಯ ಸಂಶಯ ಬಂದರೆ ಇಬ್ಬರನ್ನೂ ಬೇರೆಬೇರೆಯಾಗಿ ಮಾತನಾಡಿಸಿ.' ನನ್ನ ತಕರಾರು ಆ ವಾಕ್ಯದ ಮೊದಲ ಮೂರು ಪದಗಳ ಮೇಲೆ.

ಸಂಶಯ ಬರುವುದೇ ಇಲ್ಲ. ನನಗಂತೂ ಬರಲಿಲ್ಲ.

ಒಂದು ಜೋಡಿಯ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಆತ ಯಾವ ಚಿಕಿತ್ಸಕರಿಗೂ ಮೆಚ್ಚುಗೆಯಾಗುವಂಥವನು. ಹತ್ತು ನಿಮಿಷ ಮೊದಲೇ ಬರುತ್ತಿದ್ದ. ಮನೆಯಲ್ಲಿ ಮಾಡಿಕೊಂಡು ಬನ್ನಿ ಎಂದು ಕೊಟ್ಟದ್ದನ್ನೆಲ್ಲ ಮಾಡಿಕೊಂಡು ಬರುತ್ತಿದ್ದ. ಒಂದು ನೋಟ್‌ಬುಕ್ ಇಟ್ಟುಕೊಂಡು ನಾನು ಹೇಳಿದ್ದನ್ನೂ ಹೆಂಡತಿ ಹೇಳಿದ್ದನ್ನೂ ಬರೆದುಕೊಳ್ಳುತ್ತಿದ್ದ. ಆಕೆ ಕೈಚೀಲವನ್ನು ತೊಡೆಯ ಮೇಲಿಂದ ಕೆಳಗಿಳಿಸುತ್ತಿರಲಿಲ್ಲ. ಕೇಳಿದ್ದಕ್ಕೆಲ್ಲ 'ಗೊತ್ತಿಲ್ಲ' ಎನ್ನುತ್ತಿದ್ದರು. 'ಪತಿ ಉತ್ಸಾಹಿ, ಪತ್ನಿಯಿಂದ ಪ್ರತಿರೋಧ' ಎಂದು ನನ್ನ ದಾಖಲೆಯಲ್ಲಿ ಬರೆದಿದ್ದೇನೆ. ಅದು ನನ್ನದೇ ಕೈಬರಹ, ಅಲ್ಲಗಳೆಯುವಂತಿಲ್ಲ.

ನಾಲ್ಕನೆಯ ಸೆಷನ್‌ನಲ್ಲಿ, ನಮ್ಮ ವಿದ್ಯೆಯ ಪ್ರಕಾರ ಸರಿಯಾದದ್ದನ್ನೇ ಮಾಡಿದೆ. 'ನಿಮಗೆ ಬಹಳ ನೋವಾಗುವುದು ಯಾವುದು, ಅವರನ್ನೇ ನೋಡಿಕೊಂಡು ಹೇಳಿ' ಎಂದೆ. ರಸ್ತೆ ದಾಟುವವರು ಎಡಬಲ ನೋಡುವ ಹಾಗೆ ಆಕೆ ಒಮ್ಮೆ ಆತನ ಕಡೆ ನೋಡಿದರು. ಆಮೇಲೆ, ಅಕ್ಕನೊಂದಿಗೆ ಮಾತನಾಡುವುದು ಇವರಿಗೆ ಇಷ್ಟವಾಗುವುದಿಲ್ಲ, ಅದೇ ನೋವು ಎಂದರು. ಧೈರ್ಯವಾಗಿ ಹೇಳಿದಿರಿ ಎಂದು ನಾನು ಮೆಚ್ಚಿಕೊಂಡೆ. ಆತ ಬರೆದುಕೊಂಡ.

ಏಳನೆಯ ಸೆಷನ್‌ಗೆ ಬರಲಿಲ್ಲ. 'ಈಗ ಎಲ್ಲವೂ ಸುಧಾರಿಸಿದೆ, ನಿಮಗೆ ಕೃತಜ್ಞತೆಗಳು' ಎಂದು ಆತನಿಂದ ಸಂದೇಶ ಬಂತು. ಗೆದ್ದ ಪ್ರಕರಣಗಳ ಸಾಲಿಗೆ ಅದನ್ನೂ ಸೇರಿಸಿಕೊಂಡೆ.

ಮೂರು ವರ್ಷ ಕಳೆದ ಮೇಲೆ ಆಕೆ ಒಬ್ಬರೇ ಬಂದರು. ನ್ಯಾಯಾಲಯಕ್ಕೆ ಹಳೆಯ ದಾಖಲೆ ಬೇಕಿತ್ತು. ಪ್ರತಿ ಸೆಷನ್ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಕಾರಿನಲ್ಲಿ ಏನಾಗುತ್ತಿತ್ತು ಎಂದು ನನಗೆ ಆ ದಿನ ತಿಳಿಯಿತು. ಆತ ನೋಟ್‌ಬುಕ್ ತೆರೆದು, ಆಕೆ ಆಡಿದ ಒಂದೊಂದು ಮಾತನ್ನೂ ಓದಿ, ಒಂದೊಂದಕ್ಕೂ ಲೆಕ್ಕ ಕೇಳುತ್ತಿದ್ದ. ನಾನು ಧೈರ್ಯ ಎಂದು ಮೆಚ್ಚಿಕೊಂಡ ಮಾತಿನ ರಾತ್ರಿ ಆಕೆಯ ಫೋನ್ ಒಡೆದುಹೋಯಿತು, ಆಮೇಲೆ ಅಕ್ಕನ ಮನೆಗೆ ಹೋಗುವುದೂ ನಿಂತಿತು. ಜಗಳ ಕಾವೇರಿದಾಗ ಇಪ್ಪತ್ತು ನಿಮಿಷ ಒಬ್ಬರು ಹೊರಗೆ ಹೋಗಿ ತಣ್ಣಗಾಗಿ ಬನ್ನಿ ಎಂದು ಹೇಳಿಕೊಟ್ಟಿದ್ದೆನಲ್ಲ, ಅದನ್ನೂ ಆತ ಚಾಚೂ ತಪ್ಪದೆ ಪಾಲಿಸುತ್ತಿದ್ದ. ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದ, ಅಷ್ಟೇ.

'ನಾನು ಕೇಳಿದ್ದರೆ ಹೇಳುತ್ತಿದ್ದಿರಾ?' ಎಂದೆ. ನನ್ನ ತಪ್ಪನ್ನು ಸ್ವಲ್ಪ ಹಗುರ ಮಾಡಿಕೊಳ್ಳುವ ಆಸೆ ಆ ಪ್ರಶ್ನೆಯಲ್ಲಿತ್ತು ಎಂದು ಈಗ ಅನಿಸುತ್ತದೆ. ಆಕೆ ಯೋಚಿಸಿ ಹೇಳಿದರು: 'ಅವರ ಮುಂದೆ ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ. ಒಬ್ಬಳನ್ನೇ ಕೇಳಿದ್ದರೂ ಮೊದಲ ದಿನ ಹೇಳುತ್ತಿದ್ದೆನೋ ಇಲ್ಲವೋ. ನಿದ್ದೆ ಹೇಗೆ ಬರುತ್ತದೆ ಎಂದು ಕೇಳಿದಿರಿ, ತವರಿನ ಬಗ್ಗೆ ಕೇಳಿದಿರಿ, ಕನಸಿನ ಬಗ್ಗೆಯೂ ಕೇಳಿದಿರಿ. ಇದನ್ನು ಕೇಳಲಿಲ್ಲ. ಕೇಳಬಾರದ ವಿಷಯ ಎಂದುಕೊಂಡೆ.'

ಇದು ನನ್ನೊಬ್ಬರ ಅಜ್ಞಾನವಾಗಿದ್ದರೆ ಈ ಪತ್ರ ಬರೆಯುವ ಅಗತ್ಯವಿರಲಿಲ್ಲ. 1992ರಲ್ಲಿ ಡೇನಿಯಲ್ ಓಲಿಯರಿ ಮತ್ತು ಸಂಗಡಿಗರು ಅಮೆರಿಕದ ಒಂದು ದಾಂಪತ್ಯ ಚಿಕಿತ್ಸಾ ಕೇಂದ್ರಕ್ಕೆ ಬಂದ ಮಹಿಳೆಯರ ಬಗ್ಗೆ ಪ್ರಕಟಿಸಿದ ಅಧ್ಯಯನವನ್ನು ನೀವೆಲ್ಲ ಓದಿರಬೇಕು. 'ನಿಮ್ಮ ಸಮಸ್ಯೆಗಳನ್ನು ಬರೆಯಿರಿ' ಎಂದು ಹಾಳೆ ಕೊಟ್ಟಾಗ ಹಿಂಸೆಯನ್ನು ಬರೆದವರು ಸುಮಾರು ಶೇ 6ರಷ್ಟು ಮಂದಿ. ಅವರನ್ನೇ ಪ್ರತ್ಯೇಕವಾಗಿ ಕೂರಿಸಿ ನೇರವಾಗಿ ಕೇಳಿದಾಗ ಹೌದೆಂದವರು ಶೇ 44. ತಳ್ಳಿದ್ದಾರೆಯೇ, ಹೊಡೆದಿದ್ದಾರೆಯೇ, ವಸ್ತು ಎಸೆದಿದ್ದಾರೆಯೇ ಎಂದು ಒಂದೊಂದೇ ಕೃತ್ಯವನ್ನು ಹೆಸರಿಸುವ ಪ್ರಶ್ನಾವಳಿ ಕೊಟ್ಟಾಗ ಶೇ 53. ಮಹಿಳೆಯರು ಅವರೇ, ಕೇಂದ್ರ ಅದೇ. ಬದಲಾದದ್ದು ಕೇಳಿದ ಬಗೆ.

ಏಕೆ ಹೇಳುವುದಿಲ್ಲ ಎಂಬುದನ್ನು 1996ರಲ್ಲಿ ಎರೆನ್‌ಸಾಫ್ಟ್ ಮತ್ತು ವಿವಿಯನ್ ಎಂಬ ಸಂಶೋಧಕಿಯರು ದಂಪತಿಗಳನ್ನೇ ಕೇಳಿ ನೋಡಿದರು. ಭಯವೊಂದೇ ಕಾರಣವಾಗಿರಲಿಲ್ಲ. ಅದೇನು ದೊಡ್ಡ ಸಮಸ್ಯೆಯಲ್ಲ, ಯಾವಾಗಲೋ ಒಮ್ಮೆ ಆಗುತ್ತದೆ, ನಿಜವಾದ ತೊಂದರೆ ಬೇರೆ ಇದೆ, ಅದು ಸರಿಹೋದರೆ ಇದೂ ಸರಿಹೋಗುತ್ತದೆ. ಇಂಥ ಉತ್ತರಗಳು ಬಂದವು. 'ಮಾತು ಕೂಡಿಬರುತ್ತಿಲ್ಲ' ಎಂದು ನಮ್ಮಲ್ಲಿಗೆ ಬರುವವರು ಸುಳ್ಳು ಹೇಳುತ್ತಿಲ್ಲ. ಅವರ ಲೆಕ್ಕದಲ್ಲಿ ಮಾತು ಕೂಡಿಬರದಿರುವುದೇ ಕಾಯಿಲೆ, ಏಟು ಅದರ ಲಕ್ಷಣ. ದುರದೃಷ್ಟವೆಂದರೆ ನಮ್ಮ ಲೆಕ್ಕವೂ ಹಾಗೆಯೇ ಇದೆ.

ಇನ್ನು ನಮ್ಮ ಕಡೆಯ ಸ್ಥಿತಿ. 1991ರಲ್ಲಿ ಹ್ಯಾನ್ಸೆನ್, ಹಾರ್ವೇ ಮತ್ತು ಸರ್ವಾಂಟಿಸ್ ಎಂಬವರು ಕುಟುಂಬ ಚಿಕಿತ್ಸಕರಿಗೆ, ಹಿಂಸೆ ಎದ್ದು ಕಾಣುವಂಥ ಪ್ರಕರಣದ ವಿವರ ಕೊಟ್ಟು, ಏನು ಮಾಡುತ್ತೀರಿ ಎಂದು ಕೇಳಿದರು. ಸುಮಾರು ಶೇ 40ರಷ್ಟು ಮಂದಿ ಹಿಂಸೆಯ ಸುದ್ದಿಯನ್ನೇ ಎತ್ತಲಿಲ್ಲ. ಅದು ಹಳೆಯ ಕಾಲ ಎನ್ನುವಿರಾದರೆ, 2009ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆಯಲ್ಲಿ 620 ದಂಪತಿ ಚಿಕಿತ್ಸಕರನ್ನು ಕೇಳಲಾಗಿತ್ತು. ಎಲ್ಲರನ್ನೂ, ಪ್ರತ್ಯೇಕವಾಗಿ, ಸಂದರ್ಶನ ಮತ್ತು ಪ್ರಶ್ನಾವಳಿ ಎರಡರ ಮೂಲಕವೂ ಕೇಳಬೇಕೆಂಬ ಮಾರ್ಗಸೂಚಿಯನ್ನು ತಪ್ಪದೆ ಪಾಲಿಸುತ್ತಿದ್ದವರು ಶೇ 4ಕ್ಕಿಂತ ಕಡಿಮೆ. ಪ್ರತಿಯೊಂದು ಜೋಡಿಯನ್ನೂ ಕೇಳಲೇಬೇಕು ಎಂದು ಮಿಷೆಲ್ ಬೊಗ್ರಾಡ್ ಮತ್ತು ಫರ್ನಾಂಡೊ ಮೆಡೆರೊಸ್ ನಮ್ಮ ವೃತ್ತಿಯ ಪತ್ರಿಕೆಯಲ್ಲೇ ವಿವರವಾಗಿ ಬರೆದು ಆಗಲೇ ಹತ್ತು ವರ್ಷವಾಗಿತ್ತು. ಹಾಗಾಗಿ, ಗೊತ್ತಿರಲಿಲ್ಲ ಎನ್ನುವ ನೆಪ ನಮಗೆ ಉಳಿದಿಲ್ಲ.

ನನ್ನ ಅನುಮಾನ ಬೇರೆ. ಕೇಳದಿರುವುದಕ್ಕೆ ನಮ್ಮ ಸಿದ್ಧಾಂತವೇ ನಮಗೆ ಅನುಮತಿ ಕೊಟ್ಟಿದೆ. ಕುಟುಂಬವೆಂದರೆ ಒಂದು ವ್ಯವಸ್ಥೆ, ಅದರಲ್ಲಿ ಕಾರಣವೂ ಪರಿಣಾಮವೂ ಚಕ್ರದಂತೆ ಸುತ್ತುತ್ತವೆ, ಯಾರನ್ನೂ ದೂರಬಾರದು, ಇಬ್ಬರ ಪಾಲೂ ಇರುತ್ತದೆ ಎಂದು ಕಲಿತು ಬಂದಿದ್ದೇವೆ. ಒಳ್ಳೆಯ ಪಾಠವೇ. ಪಾತ್ರೆ ಯಾರು ತೊಳೆಯಬೇಕು ಎಂಬ ಜಗಳಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಒಂದೇ ಕೈಯಿಂದ ಚಪ್ಪಾಳೆಯಾಗುವುದಿಲ್ಲ ಎಂಬ ನಮ್ಮ ಹಳೆಯ ಮಾತನ್ನೇ ವಿದ್ವತ್ತಿನ ಭಾಷೆಯಲ್ಲಿ ಹೇಳಿದ ಹಾಗೆ. ಆದರೆ ಕಪಾಳಮೋಕ್ಷಕ್ಕೆ ಒಂದೇ ಕೈ ಸಾಕು. 1980ರ ದಶಕದಲ್ಲೇ ಸ್ತ್ರೀವಾದಿ ಚಿಕಿತ್ಸಕಿಯರು ಈ ದೋಷವನ್ನು ಎತ್ತಿ ತೋರಿಸಿದರು. ಅವರ ಲೇಖನಗಳನ್ನು ನಾವು ಪಠ್ಯಕ್ರಮದಲ್ಲಿ 'ಹೆಚ್ಚಿನ ಓದಿಗೆ' ಎಂಬ ತಲೆಬರಹದ ಕೆಳಗೆ ಹಾಕಿ ಗೌರವಿಸಿದ್ದೇವೆ.

ಈಗ ನೀವು ಎತ್ತಬಹುದಾದ ಗಟ್ಟಿ ಆಕ್ಷೇಪವೊಂದಿದೆ. ಅದನ್ನು ನಾನೇ ಎತ್ತುತ್ತೇನೆ. ಆರೋಗ್ಯ ಸೇವೆಯಲ್ಲಿ ಬರುವ ಎಲ್ಲ ಮಹಿಳೆಯರನ್ನೂ ಕೇಳುವುದರಿಂದ ಅವರ ಬದುಕು ಸುಧಾರಿಸುತ್ತದೆಯೇ ಎಂದು ಪರೀಕ್ಷಿಸಿದ ಪ್ರಯೋಗಗಳ ಫಲಿತಾಂಶ ಉತ್ಸಾಹ ತರುವಂಥದ್ದಲ್ಲ. ಕೆನಡಾದಲ್ಲಿ ಮ್ಯಾಕ್‌ಮಿಲನ್ ತಂಡ 2009ರಲ್ಲಿ, ಅಮೆರಿಕದಲ್ಲಿ ಕ್ಲೆವೆನ್ಸ್ ತಂಡ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳು, ಕೇಳಿ ಸುಮ್ಮನೆ ಒಂದು ವಿಳಾಸಪಟ್ಟಿ ಕೊಟ್ಟರೆ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗುವುದಿಲ್ಲ ಎಂದೇ ಹೇಳಿದವು. ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ ಆಸ್ಪತ್ರೆಗೆ ಬರುವ ಎಲ್ಲರನ್ನೂ ಕೇಳಬೇಕೆಂದು ಶಿಫಾರಸು ಮಾಡಲಿಲ್ಲ. ಗಾಯ, ಖಿನ್ನತೆಯಂಥ ಸೂಚನೆ ಕಂಡಲ್ಲಿ ಕೇಳಿ ಎಂದಿತು. ಹಾಗಾದರೆ ನಾವೇಕೆ ಎಲ್ಲರನ್ನೂ ಕೇಳಬೇಕು?

ಏಕೆಂದರೆ ನಾವು ಜ್ವರಕ್ಕೆ ಮಾತ್ರೆ ಕೊಡುತ್ತಿಲ್ಲ. ಹಿಂಸೆ ಇರಲಿ ಇಲ್ಲದಿರಲಿ, ವೈದ್ಯರು ಕೊಟ್ಟ ಮಾತ್ರೆ ಅದರ ಕೆಲಸ ಅದು ಮಾಡುತ್ತದೆ. ನಮ್ಮ ಚಿಕಿತ್ಸೆ ಹಾಗಲ್ಲ. ಮನಸ್ಸು ಬಿಚ್ಚಿ, ನೋವಿನ ಜಾಗ ತೋರಿಸಿ, ಸಂಗಾತಿಯ ದೂರನ್ನು ತಡೆಯದೆ ಕೇಳಿಸಿಕೊಳ್ಳಿ ಎಂಬುದೇ ನಮ್ಮ ಮದ್ದು. ಹೆದರಿಕೊಂಡು ಬದುಕುವವರಿಗೆ ಇದೇ ಮದ್ದು ವಿಷವಾಗುತ್ತದೆ. ಚುಚ್ಚುಮದ್ದು ಕೊಡುವ ಮುನ್ನ ಅಲರ್ಜಿ ಇದೆಯೇ ಎಂದು ಕೇಳುವುದನ್ನು ಯಾರೂ 'ಸ್ಕ್ರೀನಿಂಗ್‌ನಿಂದ ಪ್ರಯೋಜನವಿದೆ ಎಂಬುದಕ್ಕೆ ಪುರಾವೆ ಎಲ್ಲಿ' ಎಂದು ತಡೆಯುವುದಿಲ್ಲ. ನಮ್ಮ ಪ್ರಶ್ನೆಯೂ ಆ ಜಾತಿಯದು. ಇದಲ್ಲದೆ ನಮ್ಮಲ್ಲಿಗೆ ಬರುವವರು ದಾರಿಹೋಕರಲ್ಲ, ದಾಂಪತ್ಯ ಕೆಟ್ಟಿದೆ ಎಂದೇ ಬರುವವರು. 15ರಿಂದ 49 ವರ್ಷದೊಳಗಿನ, ಸಂಗಾತಿಯೊಂದಿಗೆ ಒಮ್ಮೆಯಾದರೂ ಬಾಳಿದ ಮಹಿಳೆಯರಲ್ಲಿ ಶೇ 27ರಷ್ಟು ಮಂದಿ ಸಂಗಾತಿಯಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ ಎಂಬುದು 2018ಕ್ಕೆ ಸಂಬಂಧಿಸಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಜಾಗತಿಕ ಅಂದಾಜು. ನಮ್ಮ ಕೋಣೆಯಲ್ಲಿ ಆ ಪಾಲು ಅದಕ್ಕಿಂತ ಕಡಿಮೆಯಿರಲು ಕಾರಣವೇ ಇಲ್ಲ.

ಹಾಗೆಂದು, ಎಲ್ಲಿ ಏಟು ಬಿದ್ದಿದೆಯೋ ಅಲ್ಲಿ ದಂಪತಿ ಚಿಕಿತ್ಸೆ ನಿಷಿದ್ಧ ಎನ್ನುವವರ ಗುಂಪಿನಲ್ಲಿ ನಾನಿಲ್ಲ. ಸಮಾಜಶಾಸ್ತ್ರಜ್ಞ ಮೈಕೆಲ್ ಜಾನ್ಸನ್ 1995ರಲ್ಲಿ ತೋರಿಸಿದ ವ್ಯತ್ಯಾಸ ನನ್ನ ಕೆಲಸವನ್ನೇ ಬದಲಿಸಿತು. ಒಂದು ಬಗೆಯಲ್ಲಿ, ಜಗಳ ಕೈಮೀರಿ ಕೈ ಮೇಲೇಳುತ್ತದೆ. ಯಾರೂ ಯಾರ ಬದುಕನ್ನೂ ಮುಷ್ಟಿಯಲ್ಲಿ ಹಿಡಿದಿರುವುದಿಲ್ಲ. ಇನ್ನೊಂದರಲ್ಲಿ, ಒಬ್ಬರ ದುಡ್ಡು, ಓಡಾಟ, ಗೆಳೆತನ, ಉಡುಪು, ಫೋನ್, ನಿದ್ದೆ ಎಲ್ಲವೂ ಇನ್ನೊಬ್ಬರ ಹತೋಟಿಯಲ್ಲಿರುತ್ತವೆ, ಏಟು ಅಪರೂಪಕ್ಕೆ ಬಿದ್ದರೂ ಸಾಕಾಗುತ್ತದೆ. ಕೆಲವೊಮ್ಮೆ ಏಟೇ ಇರುವುದಿಲ್ಲ. ಇವಾನ್ ಸ್ಟಾರ್ಕ್ ವಿವರಿಸಿದ ಈ ಹತೋಟಿಯ ಹಿಂಸೆಯನ್ನು ಇಂಗ್ಲೆಂಡ್ ಮತ್ತು ವೇಲ್ಸ್ 2015ರ ಕಾಯಿದೆಯಲ್ಲಿ ಅಪರಾಧವೆಂದೇ ಸಾರಿದವು. ಮೊದಲ ಬಗೆಯವರಿಗೆ, ಇಬ್ಬರಿಗೂ ಒಟ್ಟಿಗೆ ಬಾಳುವ ಮನಸ್ಸಿದ್ದರೆ, ಎಚ್ಚರದ ಜಂಟಿ ಚಿಕಿತ್ಸೆ ಕೆಲಸ ಮಾಡಬಲ್ಲದು. ಸ್ಯಾಂಡ್ರಾ ಸ್ಟಿತ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ, ಹಲವು ದಂಪತಿಗಳ ಗುಂಪಿನಲ್ಲಿ ಚಿಕಿತ್ಸೆ ಪಡೆದ ಗಂಡಸರಲ್ಲಿ ಆರು ತಿಂಗಳ ನಂತರ ಮತ್ತೆ ಕೈಮಾಡಿದವರು ಶೇ 25, ಚಿಕಿತ್ಸೆ ಸಿಗದವರಲ್ಲಿ ಶೇ 66. ಆದರೆ ಅವರು ಜೋಡಿಗಳನ್ನು ಆರಿಸಿದ್ದು ಸೋಸಿ ಸೋಸಿ. ಚಿಕಿತ್ಸೆ ನಡೆಯುವಾಗಲೂ ಇಬ್ಬರನ್ನೂ ಬೇರೆಬೇರೆಯಾಗಿ ಮಾತನಾಡಿಸುತ್ತಲೇ ಇದ್ದರು. ಯಾವ ಬಗೆ ಎಂದು ತಿಳಿಯುವುದಕ್ಕೂ ಮೊದಲು ಕೇಳಲೇಬೇಕಲ್ಲ.

ಹೇಗೆ ಕೇಳುವುದು ಎಂಬಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅಧಿಕಾರಿಗಳು ಸುತ್ತೋಲೆ ಹೊರಡಿಸಿದರೆ ಕೆಳಗಿನವರು ನಮೂನೆಯಲ್ಲಿ ಒಂದು ಚೌಕ ಸೇರಿಸಿ ಮುಗಿಸಿಬಿಡುತ್ತಾರೆ ಎಂಬ ಹೆದರಿಕೆ ನನಗಿದೆ. 'ಕೌಟುಂಬಿಕ ಹಿಂಸೆ: ಇದೆ / ಇಲ್ಲ.' ಇಬ್ಬರೂ ಪಕ್ಕಪಕ್ಕ ಕುಳಿತು ತುಂಬುವ ಹಾಳೆಯಲ್ಲಿ ಈ ಚೌಕವಿರುವುದಕ್ಕಿಂತ ಇಲ್ಲದಿರುವುದು ಮೇಲು. ಇಲ್ಲ ಎಂದು ಒಮ್ಮೆ ಗುರುತು ಹಾಕಿದವರು ಮುಂದೆ ಯಾವ ಬಾಯಿಂದ ಹೌದು ಎನ್ನಬೇಕು?

ಹಿಂಸೆ, ದೌರ್ಜನ್ಯ ಎಂಬ ಪದಗಳನ್ನೇ ನಾನು ಆರಂಭದಲ್ಲಿ ಬಳಸುವುದಿಲ್ಲ. ಆ ಪದಗಳು ಪತ್ರಿಕೆಯಲ್ಲಿ ಬರುವ ಬೇರೆ ಯಾರದೋ ಬದುಕಿನವು ಎಂದು ಜನ ಭಾವಿಸುತ್ತಾರೆ. 'ಜಗಳವಾದಾಗ ಏನೇನಾಗುತ್ತದೆ, ಬಹಳ ಕೆಟ್ಟದಾಗಿ ಹೋದ ಒಂದು ಜಗಳವನ್ನು ಮೊದಲಿಂದ ಕೊನೆಯವರೆಗೆ ಹೇಳಿ' ಎಂದು ಶುರುಮಾಡುತ್ತೇನೆ. ಆಮೇಲೆ ಕೃತ್ಯಗಳನ್ನು ಹೆಸರಿಸುತ್ತೇನೆ: ತಳ್ಳಿದ್ದುಂಟೇ, ದಾರಿಗೆ ಅಡ್ಡ ನಿಂತದ್ದುಂಟೇ, ಕುತ್ತಿಗೆಗೆ ಕೈ ಹಾಕಿದ್ದುಂಟೇ, ಮನಸ್ಸಿಲ್ಲದಾಗ ಹಾಸಿಗೆಯಲ್ಲಿ ಬಲವಂತ ಮಾಡಿದ್ದುಂಟೇ. ಆಮೇಲೆ ಹತೋಟಿ: ನಿಮ್ಮ ಸಂಪಾದನೆ ಯಾರ ಕೈಯಲ್ಲಿರುತ್ತದೆ, ಫೋನ್ ಯಾರು ನೋಡುತ್ತಾರೆ, ಹೇಳದೆ ಹೊರಗೆ ಹೋದರೆ ಏನಾಗುತ್ತದೆ. ಕೊನೆಗೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಬೆಳಕು ಚೆಲ್ಲುವ ಎರಡು ಪ್ರಶ್ನೆಗಳು. ಅವರ ಸಿಟ್ಟಿಗೆ ಹೆದರಿ ನೀವು ಆಡದೆ ಬಿಟ್ಟ ಮಾತು ಈ ವಾರ ಏನಾದರೂ ಇದೆಯೇ? ಇವತ್ತು ಇಲ್ಲಿಂದ ಮನೆಗೆ ಹೋಗುವ ದಾರಿಯಲ್ಲಿ ಏನಾಗಬಹುದು? ಎರಡನೆಯದನ್ನು ನನಗೆ ಕಲಿಸಿದವರು ಯಾರೆಂದು ಈಗಾಗಲೇ ಹೇಳಿದ್ದೇನೆ.

ಸಿದ್ಧ ಪ್ರಶ್ನಾವಳಿಗಳಿವೆ, ಉಪಯೋಗಿಸಿ. 1998ರಲ್ಲಿ ಕೆವಿನ್ ಶೆರಿನ್ ಮತ್ತು ಸಂಗಡಿಗರು ಪ್ರಕಟಿಸಿದ 'ಹಿಟ್ಸ್' ಎಂಬುದರಲ್ಲಿ ನಾಲ್ಕೇ ಪ್ರಶ್ನೆ: ನೋಯಿಸುವುದು, ಅವಮಾನಿಸುವುದು, ಬೆದರಿಸುವುದು, ಕಿರುಚಾಡುವುದು. ಒಂದೊಂದಕ್ಕೂ ಒಂದರಿಂದ ಐದು ಅಂಕ. ಮೊತ್ತ ಹತ್ತು ದಾಟಿದರೆ ಎಚ್ಚರ. ಮರ್ರೆ ಸ್ಟ್ರಾಸ್ ರೂಪಿಸಿ 1996ರಲ್ಲಿ ಪರಿಷ್ಕರಿಸಿದ ಸಂಘರ್ಷ ಮಾಪಕದಲ್ಲಿ 78 ಪ್ರಶ್ನೆ. ಎರಡೂ ಕೃತ್ಯಗಳನ್ನು ಎಣಿಸುತ್ತವೆ. ಯಾರು ಯಾರಿಗೆ ಹೆದರುತ್ತಾರೆ ಎಂಬುದನ್ನು ಅವು ಹೇಳುವುದಿಲ್ಲ. ಬಿಡಿಸಿಕೊಳ್ಳಲು ಪರಚಿದವರಿಗೂ ಹಿಡಿದು ಗೋಡೆಗೆ ಗುದ್ದಿದವರಿಗೂ ಒಂದೊಂದು ಗುರುತು ಬೀಳುತ್ತದೆ. ಹಾಳೆಯ ಜೊತೆ ಮಾತೂ ಬೇಕು ಎನ್ನುವುದು ಇದಕ್ಕೇ.

ಗಂಡಸರಿಗೂ ಇವೇ ಪ್ರಶ್ನೆಗಳು, ಸಲಿಂಗ ಜೋಡಿಗಳಿಗೂ ಇವೇ. ಎಲ್ಲರಿಗೂ ಕೇಳುವುದರ ಲಾಭ ನ್ಯಾಯದ್ದಷ್ಟೇ ಅಲ್ಲ. ಸಂಶಯ ಬಂದವರನ್ನು ಮಾತ್ರ ಪ್ರತ್ಯೇಕವಾಗಿ ಕರೆದರೆ, ಹೊರಗೆ ಕಾಯುತ್ತಾ ಕುಳಿತವನಿಗೆ ಆ ಕರೆಯೇ ಸುದ್ದಿ ಮುಟ್ಟಿಸುತ್ತದೆ. ಎಲ್ಲರಿಗೂ ಅದೇ ನಿಯಮವೆಂದು ಮೊದಲ ಫೋನ್ ಕರೆಯಲ್ಲೇ ತಿಳಿಸಿದ್ದರೆ ಅನುಮಾನಕ್ಕೆ ಆಸ್ಪದವಿಲ್ಲ. ಬಂದವರಿಗೆ ಬೇಸರವಾಗುತ್ತದೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನನಗೂ ಮೊದಲ ವಾರ ನಾಲಿಗೆ ತೊದಲಿತು. ಆ ವಾರ ಒಬ್ಬ ಮಧ್ಯವಯಸ್ಕರು ನನ್ನ ಪ್ರಶ್ನೆಗೆ ನಕ್ಕು, 'ಇದನ್ನು ಎಲ್ಲರಿಗೂ ಕೇಳುತ್ತೀರಾ?' ಎಂದರು. ಎಲ್ಲರಿಗೂ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ತಿರುಗಿ ನೋಡಿದರು. ಆಮೇಲೆ ತೋಳಿನ ಮೇಲಿನ ಸುಟ್ಟ ಗಾಯದ ಬಗ್ಗೆ ಹೇಳಿದರು.

ಇನ್ನು ನಮ್ಮೊಳಗಿನವರಿಗೆ ಮಾತ್ರ ಅರ್ಥವಾಗುವ ಒಂದು ತೊಡಕು. ನಮ್ಮಲ್ಲಿ ಹಲವರು 'ಗುಟ್ಟು ಇಟ್ಟುಕೊಳ್ಳುವುದಿಲ್ಲ' ಎಂಬ ನಿಯಮ ಪಾಲಿಸುತ್ತೇವೆ: ನಿಮ್ಮಲ್ಲೊಬ್ಬರು ನನಗೆ ಪ್ರತ್ಯೇಕವಾಗಿ ಹೇಳಿದ್ದನ್ನು ಇಬ್ಬರೂ ಇರುವಾಗ ಪ್ರಸ್ತಾಪಿಸುವ ಹಕ್ಕು ನನಗಿದೆ, ಎಂದು. ಇದು ಹುಟ್ಟಿದ್ದು ಒಳ್ಳೆಯ ಉದ್ದೇಶಕ್ಕೆ. ಪರಸಂಬಂಧದ ಗುಟ್ಟನ್ನು ಒಬ್ಬರಿಂದ ಕೇಳಿಸಿಕೊಂಡು ಇನ್ನೊಬ್ಬರ ಮುಂದೆ ಏನೂ ತಿಳಿಯದವರಂತೆ ಕುಳಿತುಕೊಳ್ಳುವ ಪಾಡು ಬೇಡವೆಂದು. ಆದರೆ ಈ ನಿಯಮಕ್ಕೆ ಸಹಿ ಹಾಕಿಸಿಕೊಂಡು, ಆಮೇಲೆ ಒಬ್ಬರನ್ನೇ ಒಳಗೆ ಕರೆದು 'ಇಲ್ಲಿ ನೀವು ಧಾರಾಳವಾಗಿ ಮಾತನಾಡಬಹುದು' ಎಂದರೆ ಯಾರು ನಂಬುತ್ತಾರೆ? ನಂಬಿದವರನ್ನು ನಾವೇ ಗುಂಡಿಗೆ ತಳ್ಳಿದಂತೆ. ನಿಮ್ಮ ಈಗಿನ ನೀತಿಸಂಹಿತೆ ಎರಡನ್ನೂ ಬೇರೆಬೇರೆ ಪುಟದಲ್ಲಿ ಹೊಗಳುತ್ತದೆ, ಎರಡೂ ಡಿಕ್ಕಿ ಹೊಡೆಯುವ ಜಾಗದ ಬಗ್ಗೆ ಒಂದು ಸಾಲೂ ಇಲ್ಲ.

ನಾನು ಮಾಡಿಕೊಂಡಿರುವ ಏರ್ಪಾಡು ಹೀಗಿದೆ. ಮೊದಲ ಪ್ರತ್ಯೇಕ ಭೇಟಿಯನ್ನು ಆ ನಿಯಮದಿಂದ ಹೊರಗಿಟ್ಟಿದ್ದೇನೆ, ಹಾಗೆಂದು ಇಬ್ಬರಿಗೂ ಬರಹದಲ್ಲಿ ಕೊಡುತ್ತೇನೆ. ಅಲ್ಲಿ ಆಡಿದ ಮಾತು ನನ್ನಿಂದ ಇನ್ನೊಬ್ಬರಿಗೆ ಹೋಗುವುದಿಲ್ಲ. ಮಕ್ಕಳಿಗೆ ಅಥವಾ ಯಾರದ್ದಾದರೂ ಜೀವಕ್ಕೆ ಅಪಾಯವಿದ್ದರೆ ಕಾನೂನಿನ ಪ್ರಕಾರ ತಿಳಿಸಬೇಕಾದವರಿಗೆ ತಿಳಿಸುತ್ತೇನೆ. ಇದನ್ನು ಅವರು ಬಾಯಿ ಬಿಡುವ ಮುನ್ನವೇ ಹೇಳುತ್ತೇನೆ, ಬಿಟ್ಟ ಮೇಲಲ್ಲ. ಜಂಟಿ ಚಿಕಿತ್ಸೆ ಮುಂದುವರಿಸುವುದೋ ಬೇಡವೋ ಎಂಬುದು ನನ್ನ ತೀರ್ಮಾನ, ಕಾರಣ ಹೇಳಲೇಬೇಕೆಂದಿಲ್ಲ. ಈ ಕೊನೆಯ ಸಾಲು ವಕೀಲರ ಭಾಷೆಯಂತೆ ಕಾಣುತ್ತದೆ, ಆದರೆ ಉತ್ತರ ಹೌದು ಎಂದು ಬಂದಾಗ ಹೊರಬರುವ ಬಾಗಿಲು ಅದೊಂದೇ.

ಹೌದು ಎಂದಾಗ ಏನು? ಇಲ್ಲಿ ನಾವು ಎಡವುವುದು ಹೆಚ್ಚು. ತರಬೇತಿ ಇಲ್ಲದವರು ಮರುದಿನ ಇಬ್ಬರನ್ನೂ ಕರೆದು 'ಹಿಂಸೆ ಇರುವುದರಿಂದ ಚಿಕಿತ್ಸೆ ನಿಲ್ಲಿಸುತ್ತಿದ್ದೇನೆ' ಎನ್ನುತ್ತಾರೆ. ಹೇಳಿದವರು ಯಾರೆಂದು ಆತನಿಗೆ ಪಂಚಾಂಗ ನೋಡಬೇಕೇ? ತಪ್ಪನ್ನು ನಮ್ಮ ತಲೆಯ ಮೇಲೆ ಹಾಕಿಕೊಳ್ಳಬೇಕು: ನನ್ನ ವಿಧಾನ ನಿಮ್ಮಿಬ್ಬರಿಗೆ ಈಗ ಹೊಂದುವಂತೆ ಕಾಣುತ್ತಿಲ್ಲ, ಒಬ್ಬೊಬ್ಬರೂ ಬೇರೆ ಚಿಕಿತ್ಸಕರ ಬಳಿ ಕೆಲವು ತಿಂಗಳು ಹೋಗಿ ಬನ್ನಿ. ಅದಕ್ಕೂ ಮುಂಚೆ ಆಕೆಯನ್ನೇ ಕೇಳಬೇಕು, ಹೀಗೆ ಹೇಳಿದರೆ ಅವರು ಹೇಗೆ ತೆಗೆದುಕೊಂಡಾರು ಎಂದು. ಆತನ ಹವಾಮಾನವನ್ನು ಆಕೆಯಷ್ಟು ಬಲ್ಲವರು ಯಾರೂ ಇಲ್ಲ. ಕೆಲವರು, ನಿಲ್ಲಿಸಬೇಡಿ, ವಾರದಲ್ಲಿ ಈ ಒಂದು ಗಂಟೆಯಾದರೂ ಅವರು ದನಿ ತಗ್ಗಿಸಿ ಮಾತನಾಡುತ್ತಾರೆ ಎಂದು ಬೇಡಿಕೊಂಡದ್ದಿದೆ. ಇದಕ್ಕೆ ನನ್ನ ಬಳಿ ಸಲೀಸಾದ ಉತ್ತರವಿಲ್ಲ. ಪ್ರತಿ ಸಲವೂ ಮೇಲ್ವಿಚಾರಕರಿಗೆ ಫೋನ್ ಮಾಡುತ್ತೇನೆ.

ಕೆಲವು ಉತ್ತರಗಳಿಗೆ ಮಾತ್ರ ಕಾಯುವ ಮಾತಿಲ್ಲ. ಜಾಕ್ವೆಲಿನ್ ಕ್ಯಾಂಪ್‌ಬೆಲ್ 1986ರಲ್ಲಿ ಪ್ರಕಟಿಸಿದ ಅಪಾಯ ಮಾಪಕ ಇದಕ್ಕೆಂದೇ ಇರುವಂಥದ್ದು: ಕೊಲೆಯವರೆಗೆ ಹೋಗಬಹುದಾದ ಸಂಬಂಧವನ್ನು ಗುರುತಿಸುವುದು. ಆಯುಧ ಕೈಗೆ ಸಿಗುವಂತಿರುವುದು, ಕೊಲ್ಲುವ ಬೆದರಿಕೆ, ಬಸಿರಿನಲ್ಲಿ ಹೊಡೆತ, ಇತ್ತೀಚೆಗೆ ಬಿಟ್ಟುಹೋಗುವ ಮಾತು ಬಂದಿರುವುದು, ಮತ್ತು ಕತ್ತು ಹಿಸುಕುವುದು. ಮೊದಲೊಮ್ಮೆ ಸಂಗಾತಿಯಿಂದ ಕತ್ತು ಹಿಸುಕಿಸಿಕೊಂಡವರು ಮುಂದೆ ಕೊಲೆಯಾಗುವ ಸಂಭವ ಏಳು ಪಟ್ಟಿಗೂ ಹೆಚ್ಚು ಎಂದು ನ್ಯಾನ್ಸಿ ಗ್ಲಾಸ್ ಮತ್ತು ಸಂಗಡಿಗರ 2008ರ ಅಧ್ಯಯನ ಕಂಡುಕೊಂಡಿತು. ಎಷ್ಟೋ ಸಲ ಹೊರಗೆ ಗುರುತೇ ಇರುವುದಿಲ್ಲ. 'ಸುಮ್ಮನೆ ಕತ್ತು ಹಿಡಿದರು, ಹೊಡೆಯಲಿಲ್ಲ' ಎಂದು ಹೇಳುವವರ ದನಿಯಲ್ಲಿ ಸಮಾಧಾನವಿರುತ್ತದೆ. ಕೇಳಿಸಿಕೊಳ್ಳುವ ನಮ್ಮ ಮುಖದಲ್ಲಿ ಅದು ಇರಕೂಡದು.

ಕುಟುಂಬ ಚಿಕಿತ್ಸೆಯವರು ಇದನ್ನೆಲ್ಲ ದಂಪತಿ ಚಿಕಿತ್ಸೆಯವರ ತಲೆನೋವು ಎಂದುಕೊಳ್ಳಬೇಡಿ. ಒಂಬತ್ತು ವರ್ಷದ ಮಗು ಹಾಸಿಗೆ ಒದ್ದೆ ಮಾಡುತ್ತದೆ, ಶಾಲೆಗೆ ಹೋಗಲು ಹೊಟ್ಟೆನೋವು ಎನ್ನುತ್ತದೆ ಎಂದು ಕರೆತರುತ್ತಾರೆ. ಮಗುವಿನ ಸುತ್ತಲೇ ಹತ್ತು ಸೆಷನ್ ಕಳೆಯುತ್ತವೆ. ಅಮ್ಮನನ್ನು ಮನೆಯಲ್ಲಿ ಒಬ್ಬಳನ್ನೇ ಬಿಡಲು ಮಗುವಿಗೆ ಹೆದರಿಕೆ ಎಂಬುದು ಯಾರಿಗೂ ಹೊಳೆಯುವುದಿಲ್ಲ. ಅಪ್ಪ ಅಮ್ಮನ ಮುಂದೆ 'ಮನೆಯಲ್ಲಿ ಎಲ್ಲ ಹೇಗಿದೆ ಪುಟ್ಟ' ಎಂದು ಕೇಳಿ ಬಂದ ಉತ್ತರವನ್ನು ದಾಖಲಿಸಿಕೊಳ್ಳುವುದು ತಪಾಸಣೆಯಲ್ಲ, ಮಗುವಿಗೆ ಸುಳ್ಳು ಹೇಳುವ ಅಭ್ಯಾಸ ಮಾಡಿಸುವುದು. ಅಲ್ಲೂ ಕ್ರಮ ಅದೇ: ದೊಡ್ಡವರನ್ನು ಬೇರೆಬೇರೆಯಾಗಿ ಮೊದಲು.

ದೂರದಿಂದ ನಡೆಸುವ ವಿಡಿಯೊ ಸೆಷನ್‌ಗಳಲ್ಲಿ ಬಾಗಿಲ ಹಿಂದೆ ಯಾರಿದ್ದಾರೆಂದು ತಿಳಿಯುವುದಿಲ್ಲ. ಆದ್ದರಿಂದ ಹೌದು-ಇಲ್ಲ ಎಂದಷ್ಟೇ ಉತ್ತರಿಸಬಹುದಾದ ಪ್ರಶ್ನೆಗಳು, ಮೊದಲೇ ಗೊತ್ತುಮಾಡಿಕೊಂಡ ಒಂದು ಸಂಕೇತದ ಮಾತು ಬೇಕು. ಪ್ರಶ್ನಾವಳಿಯನ್ನು ಇಬ್ಬರೂ ನೋಡುವ ಇಮೇಲ್‌ಗೆ ಕಳುಹಿಸಬಾರದು. ಜಂಟಿ ಕಡತವನ್ನು ನಾಳೆ ಇಬ್ಬರೂ ಕೇಳಿ ಪಡೆಯಬಹುದು, ಹಾಗಾಗಿ ಪ್ರತ್ಯೇಕ ಭೇಟಿಯ ಟಿಪ್ಪಣಿ ಪ್ರತ್ಯೇಕ ಕಡತದಲ್ಲಿರಬೇಕು.

ನಿಮ್ಮಿಂದ ನನಗೆ ಬೇಕಾದದ್ದು ಹೆಚ್ಚೇನೂ ಅಲ್ಲ. ಜಂಟಿ ಚಿಕಿತ್ಸೆ ಶುರುವಾಗುವ ಮುನ್ನ ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಕೇಳುವುದನ್ನು ಚಿಕಿತ್ಸಕರ ವಿವೇಚನೆಗೆ ಬಿಡದೆ ನಿಯಮ ಮಾಡಿ, ಕೆಲವು ಸೆಷನ್‌ಗಳಿಗೊಮ್ಮೆ ಮತ್ತೆ ಕೇಳುವುದನ್ನೂ ಸೇರಿಸಿ. ವಿವೇಚನೆ ಎಂಬುದು ನನಗೂ ಇತ್ತು. ಅದು ಆತನ ನೋಟ್‌ಬುಕ್ ಕಂಡು ಸಂತೋಷಪಟ್ಟಿತು. ತರಬೇತಿಯಲ್ಲಿ ಆ ಮಧ್ಯಾಹ್ನದ ಉಪನ್ಯಾಸ ತೆಗೆದುಹಾಕಿ, ಪ್ರಶ್ನೆಗಳನ್ನು ಬಾಯಿಬಿಟ್ಟು ಕೇಳುವ ಅಭ್ಯಾಸ ಮಾಡಿಸಿ, ಎದುರಿಗಿರುವವರು ಹೌದು ಎಂದಾಗ ಮುಂದಿನ ಐದು ನಿ​ಮಿಷ ಏನು ಹೇಳಬೇಕೆಂಬುದರ ಸಮೇತ. ಆಶ್ರಯ, ಕಾನೂನು ನೆರವು, ವೈದ್ಯಕೀಯ ನೆರವು ಕೊಡುವವರ ಸಂಪರ್ಕ ಕೈಯಲ್ಲಿಲ್ಲದ ಕೇಂದ್ರಕ್ಕೆ ಪರವಾನಗಿ ಕೊಡಬೇಡಿ. ಮೇಲ್ವಿಚಾರಕರು ಹೊಸ ಪ್ರಕರಣದ ಚರ್ಚೆಯಲ್ಲಿ ಮೊದಲು ಕೇಳಬೇಕಾದದ್ದು 'ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿದೆಯಾ' ಎಂದು. ನನ್ನ ಮೇಲ್ವಿಚಾರಕರು ಆ ಆರು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಅವರನ್ನೂ ಯಾರೂ ಕೇಳಿರಲಿಲ್ಲವೇನೋ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಅವರು ನಗುತ್ತಾ ಉದ್ಧರಿಸುತ್ತಿದ್ದರು. ಮಲಗಿದ ಮೇಲೆ ಏನಾಗುತ್ತದೆ ಎಂದು ನಾನಾದರೂ ಕೇಳಬಹುದಿತ್ತು. ಮತ್ತು, ದಂಪತಿಗಳನ್ನು ಕಡ್ಡಾಯವಾಗಿ ಜಂಟಿ ಸಮಾಲೋಚನೆಗೆ ಕಳುಹಿಸುವ ನ್ಯಾಯಾಲಯಗಳೊಂದಿಗೆ ನೀವು ವ್ಯವಹರಿಸುವಾಗ, ಯುರೋಪಿನ ದೇಶಗಳು 2011ರಲ್ಲಿ ಒಪ್ಪಿದ ಇಸ್ತಾಂಬುಲ್ ಒಪ್ಪಂದದ 48ನೆಯ ವಿಧಿಯನ್ನು ಅವರ ಮುಂದಿಡಿ. ಇಂಥ ಹಿಂಸೆಯ ಪ್ರಕರಣಗಳಲ್ಲಿ ಕಡ್ಡಾಯ ಸಂಧಾನವನ್ನು ಅದು ನಿಷೇಧಿಸುತ್ತದೆ.

ನಾನು ಬಳಸುತ್ತಿರುವ ಮೊದಲ ಭೇಟಿಯ ನಮೂನೆಯನ್ನೂ, ಇಬ್ಬರಿಗೂ ಕೊಡುವ ಗೋಪ್ಯತೆಯ ಪತ್ರವನ್ನೂ ಕೇಳಿದವರಿಗೆ ಕಳುಹಿಸುತ್ತೇನೆ. ನನ್ನ ಹೆಸರು ತೆಗೆದು ಬಳಸಿಕೊಳ್ಳಬಹುದು. ಅದರಲ್ಲಿ ಹಾಸಿಗೆಯ ಬಲವಂತದ ಬಗ್ಗೆ ಇರುವ ಒಂಬತ್ತನೆಯ ಪ್ರಶ್ನೆಯನ್ನು ಐದು ಸಲ ತಿದ್ದಿದ್ದೇನೆ. ವಯಸ್ಸಾದವರಿಗೆ ಅದು ಈಗಲೂ ಅರ್ಥವಾಗುತ್ತಿಲ್ಲ, ಅರ್ಥವಾದವರು ಮುಖ ತಿರುಗಿಸುತ್ತಾರೆ. ಅದನ್ನು ಇನ್ನೂ ಸರಳವಾಗಿ ಕೇಳುವ ಮಾತು ನಿಮ್ಮಲ್ಲಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ.

ಇಂತಿ,
ನಿಮ್ಮಲ್ಲೇ ತರಬೇತಿ ಪಡೆದ ಒಬ್ಬ ದಂಪತಿ ಚಿಕಿತ್ಸಕ